ಇಪ್ಪತ್ತೆಂಟನೆಯ ಶಿಲುಬೆ

ಚರಿತ್ರೆಯ ಬಗ್ಗೆ ಜನರಿಗಿರುವ ಕುತೂಹಲಕ್ಕೆ ತಲೆಬುಡ ಇರುವುದಿಲ್ಲ. ಹತ್ತೊಂಬತ್ತು ವರ್ಷದಿಂದ ನಾನು ನಮ್ಮ ಮೋಲ್‌ಬೆಕ್ ಊರಿನ ವಾರಪತ್ರಿಕೆಗೆ ‘ಹಳೇ ಕಪಾಟು’ ಎಂಬ ಅಂಕಣ ಬರೆಯುತ್ತಿದ್ದೇನೆ. ಓದುಗರು ಪ್ರಶ್ನೆ ಕಳಿಸುತ್ತಾರೆ, ನಾನು ಉತ್ತರ ಹುಡುಕುತ್ತೇನೆ. ಫೆಬ್ರವರಿ ಮೂವತ್ತನೇ ತಾರೀಕು ಎಂದಾದರೂ ಇತ್ತೆ? ಇತ್ತು, ಸ್ವೀಡನ್ನಿನಲ್ಲಿ, 1712ರಲ್ಲಿ, ಒಂದೇ ಸಲ. ಈಜಿಪ್ಟಿನ ಹೆಣಗಳನ್ನು ಅರೆದು ಬಣ್ಣ ಮಾಡಿ ಚಿತ್ರ ಬರೆಯುತ್ತಿದ್ದರಂತೆ, ನಿಜವೆ? ನಿಜ, ಕಂದು ಬಣ್ಣ. ಇಂಗ್ಲಿಷರು ನಮ್ಮ ನೌಕಾಪಡೆಯನ್ನು ಹೊತ್ತುಕೊಂಡು ಹೋದಮೇಲೆ ಹೊಸ ಹಡಗು ಕಟ್ಟಲೆಂದು ಡೆನ್ಮಾರ್ಕಿನಲ್ಲಿ ನೆಟ್ಟ ಓಕ್ ಮರಗಳು ಏನಾದವು? ಬೆಳೆದವು. ಅವು ಕಡಿಯುವ ಹದಕ್ಕೆ ಬರುವಷ್ಟರಲ್ಲಿ ಹಡಗುಗಳು ಕಬ್ಬಿಣದವಾಗಿದ್ದವು.

ನನ್ನದು ಒಂದೇ ನಿಯಮ. ಕಾಗದವಿಲ್ಲದೆ ಉತ್ತರವಿಲ್ಲ. ಅಜ್ಜಿ ಹೇಳಿದ್ದಳು, ಯಾರೋ ಕಂಡಿದ್ದರು, ಎಲ್ಲರಿಗೂ ಗೊತ್ತಿರುವ ವಿಷಯ ಎಂದೆಲ್ಲ ಬರೆದು ಕಳಿಸುವವರಿಗೆ ನಾನು ಉತ್ತರ ಕೊಡುವುದೇ ಇಲ್ಲ. ಹಳೇ ಶಾಲೆಯ ಡ್ರಾಯಿಂಗ್ ಕೋಣೆ ಈಗ ನಮ್ಮ ದಾಖಲೆ ಕೋಣೆ. ಮಂಗಳವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಬಾಗಿಲು ತೆರೆದಿರುತ್ತದೆ. ಬರುವವರಲ್ಲಿ ಅರ್ಧ ಜನ ಚರಿತ್ರೆಗೆ ಬರುತ್ತಾರೆ, ಅರ್ಧ ಜನ ಬಿಟ್ಟಿ ಕಾಫಿಗೆ ಬರುತ್ತಾರೆ.

ನನ್ನ ಗಂಡ ಎಗೊನ್ ಚರ್ಚಿನ ಅಂಗಳದ ಸಮಾಧಿಗಳನ್ನು ನೋಡಿಕೊಳ್ಳುವವನು. ಅಗೆಯುವುದು, ಮುಚ್ಚುವುದು, ಬೇಲಿ ಕತ್ತರಿಸುವುದು, ಚಳಿಗೆ ಮುಂಚೆ ಎಲ್ಲ ಸಮಾಧಿಗಳಿಗೂ ಸ್ಪ್ರೂಸ್ ಮರದ ಹಸಿರು ಕೊಂಬೆ ಹೊದಿಸುವುದು ಅವನ ಕೆಲಸ. ಬರುವ ವಸಂತಕ್ಕೆ ಅವನಿಗೆ ನಿವೃತ್ತಿ. ‘ಎಗೊನ್ ಸತ್ತವರನ್ನು ಹೂಳ್ತಾನೆ, ಥೀರಾ ಅವರನ್ನು ಎಬ್ಬಿಸ್ತಾಳೆ’ ಎಂದು ಊರವರು ತಮಾಷೆ ಮಾಡುತ್ತಾರೆ. ಥೀರಾ ಎಂದರೆ ನಾನು. ಮೂವತ್ತೈದು ವರ್ಷದ ಸಂಸಾರ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಆ ಲೆಕ್ಕದಲ್ಲಿ ನಮ್ಮ ಮನೆ ಚಿನ್ನದ ಗಣಿ.

ಈ ಕತೆ ಶುರುವಾದದ್ದು ಹೋದ ಅಕ್ಟೋಬರಿನಲ್ಲಿ, 2006ರಲ್ಲಿ, ಒಂದು ಲಕೋಟೆಯಿಂದ. ನಮ್ಮಲ್ಲಿ ಸಮಾಧಿ ಯಾರಿಗೂ ಖಾಯಂ ಅಲ್ಲ. ಮೂವತ್ತು ವರ್ಷ ಕಳೆದಮೇಲೆ ಮನೆಯವರಿಗೆ ಪತ್ರ ಬರುತ್ತದೆ. ಅವರು ಬೇಕೆಂದರೆ ಅವಧಿ ಮುಂದುವರಿಯುತ್ತದೆ. ಬೇಡವೆಂದರೆ ಕಲ್ಲು ಎತ್ತಿ, ಸುತ್ತ ನೆಟ್ಟ ಗಿಡ ಕಿತ್ತು, ನೆಲ ಸಮ ಮಾಡಿ ಹುಲ್ಲು ಬಿತ್ತುತ್ತಾರೆ. ಎತ್ತಿದ ಕಲ್ಲು ಪುಡಿಯಾಗಿ ಯಾವುದೋ ರಸ್ತೆಗೆ ಹೋಗುತ್ತದೆ. ಸತ್ತವರ ನೆನಪಿರುವವರೂ ಸತ್ತಮೇಲೆ ಜಾಗ ಯಾಕೆ ಹಿಡಿದಿಟ್ಟುಕೊಳ್ಳಬೇಕು ಎನ್ನುವುದು ಇಲ್ಲಿನವರ ಲೆಕ್ಕಾಚಾರ. ಯಾರಿಗೂ ಇದರಲ್ಲಿ ವಿಚಿತ್ರವೇನೂ ಕಂಡಿಲ್ಲ. ನನಗೂ ಕಂಡಿರಲಿಲ್ಲ.

ಆ ಲಕೋಟೆ ನಮ್ಮತ್ತೆ ಡಾಗ್ನಿಯ ಸಮಾಧಿಯದು. 1976ರ ಜನವರಿಯಲ್ಲಿ ತೀರಿಕೊಂಡವಳು. ಅವಧಿ ಮುಗಿದಿದೆ, ವರ್ಷದ ಕೊನೆಯೊಳಗೆ ತಿಳಿಸದಿದ್ದರೆ ವಸಂತದಲ್ಲಿ ನೆಲ ಸಮ ಮಾಡಲಾಗುವುದು ಎಂದಿತ್ತು. ಹಕ್ಕು ಮಗನದು, ಅಂದರೆ ಎಗೊನ್‌ನದು. ಅವನು ಊಟದ ಮೇಜಿನಲ್ಲಿ ಕನ್ನಡಕ ಹಾಕಿಕೊಂಡು ಓದಿ, ಮಡಚಿ, ಬ್ರೆಡ್ಡಿನ ಬುಟ್ಟಿಯ ಪಕ್ಕಕ್ಕೆ ಇಟ್ಟ.

"ಬಿಟ್ಬಿಡೋಣ. ಮೂವತ್ತು ವರ್ಷ ಆಯ್ತಲ್ಲ, ಸಾಕು," ಅಂದ.

ನಾನು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ. ತೆಗೆಯುತ್ತಲೇ ಇದ್ದೆ. ಒಂದು ಆಲೂಗಡ್ಡೆ ಸಿಪ್ಪೆಯ ಜೊತೆಗೇ ಮುಗಿದುಹೋಯಿತು.

ಅತ್ತೆಯ ಕಾಲ ಬಳಿ ನಮ್ಮ ಮಗು ಇದೆ. ಹಾಗೆಂದು ನಾನು ಮೂವತ್ತು ವರ್ಷ ತಿಳಿದಿದ್ದೆ.

ಅತ್ತೆ ಹೋದ ಎರಡು ತಿಂಗಳಿಗೆ, ಮಾರ್ಚಿನಲ್ಲಿ, ಜಿಲ್ಲೆಯ ಆಸ್ಪತ್ರೆಯಲ್ಲಿ ನನಗೆ ಹೆರಿಗೆಯಾಯಿತು. ಹೆಣ್ಣು. ನನಗೆ ಜ್ವರ ಏರಿ ಎಚ್ಚರ ತಪ್ಪಿತ್ತು. ನಾನು ಕಣ್ಣು ಬಿಡುವ ಹೊತ್ತಿಗೆ ಐದನೆಯ ದಿನ, ಮಗು ಹೋಗಿದ್ದು ಮೂರನೆಯ ದಿನ. ನೋಡದಿದ್ದರೆ ಮರೆಯುವುದು ಸುಲಭ ಎಂದು ಆಗಿನ ಕಾಲದವರೆಲ್ಲ ನಂಬಿದ್ದರು. ದಾದಿ ನನ್ನ ದಿಂಬು ಸರಿಮಾಡಿ, ‘ಮನೆಗೆ ಹೋಗಿ ಇನ್ನೊಂದು ಮಾಡ್ಕೊಳ್ಳಿ’ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಇನ್ನೊಂದು ಆಗಲಿಲ್ಲ. ಇದ್ದದ್ದಕ್ಕೆ ದೀಕ್ಷಾಸ್ನಾನವೂ ಆಗಿರಲಿಲ್ಲ, ಹೆಸರೂ ಇಟ್ಟಿರಲಿಲ್ಲ. ನಮ್ಮಲ್ಲಿ ಹೆಸರಿಗೆ ಅವಸರ ಮಾಡುವುದಿಲ್ಲ, ಆರು ತಿಂಗಳು ಸಮಯವಿರುತ್ತದೆ.

ಪುಟ್ಟ ಮಕ್ಕಳು ಸತ್ತರೆ ಆಗ ಬೇರೆ ಸಮಾಧಿ ಮಾಡುತ್ತಿರಲಿಲ್ಲ. ಅಜ್ಜಿಯದೋ ಅತ್ತೆಯದೋ ಸಮಾಧಿಯಲ್ಲಿ ಕಾಲ ಬಳಿ ಒಂದಿಷ್ಟು ಅಗೆದು ಇಡುತ್ತಿದ್ದರು. ಎಗೊನ್ ಕೆಲಸಕ್ಕೆ ಸೇರಿ ಆಗಿನ್ನೂ ಒಂದು ವರ್ಷ. ಪೆಟ್ಟಿಗೆಯನ್ನು ತಾನೇ ಆಸ್ಪತ್ರೆಯಿಂದ ಕಾರಿನಲ್ಲಿ ತಂದು ತಾನೇ ಹೂತ. ನಾನು ಮನೆಗೆ ಬಂದ ದಿನ ಅವನು ಬಾಯಿ ತೆರೆದ. "ಎಲ್ಲಿ, ಹೇಗೆ, ಏನೂ ಹೇಳ್ಬೇಡ," ಎಂದು ನಾನು ಕಡ್ಡಿ ಮುರಿದ ಹಾಗೆ ಹೇಳಿದೆ. ಅವನು ಬಾಯಿ ಮುಚ್ಚಿದ. ವರ್ಷಗಳಾದ ಮೇಲೆ ದಾಖಲೆ ಕೋಣೆಯಲ್ಲಿ ಚರ್ಚಿನ ಪುಸ್ತಕದ ಪ್ರತಿ ಕೈಗೆ ಬಂದಾಗ ನಾನೇ ನೋಡಿಕೊಂಡೆ. ‘ದೀಕ್ಷೆಯಾಗದ ಹೆಣ್ಣು ಮಗು. ಅಜ್ಜಿಯ ಸಮಾಧಿಯಲ್ಲಿ.’ ಕಾಗದವಿತ್ತು. ನನಗೆ ಅಷ್ಟು ಸಾಕಾಗಿತ್ತು.

ಅದಕ್ಕಿಂತ ಮುಂಚೆಯೂ ಊಹಿಸಿದ್ದೆ, ಮೊದಲ ವರ್ಷದಿಂದಲೇ ಹೋಗುತ್ತಿದ್ದೆ. ವಸಂತದಲ್ಲಿ ಪ್ಯಾನ್ಸಿ ಗಿಡ, ಬೇಸಿಗೆಯಲ್ಲಿ ಬೆಗೋನಿಯಾ, ಕ್ರಿಸ್ಮಸ್ಸಿಗೆ ಮೇಣದ ದೀಪ. ಕಲ್ಲಿನ ಮೇಲೆ ಒಂದೇ ಹೆಸರು, ಅತ್ತೆಯದು. ಬದುಕಿದ್ದಾಗ ನನ್ನ ಕಾಫಿಗೆ ‘ಪಾತ್ರೆ ತೊಳೆದ ನೀರು’ ಎಂದು ಹೆಸರಿಟ್ಟವಳು, ನನ್ನ ಮದುವೆಗೆ ಕಪ್ಪು ಬಟ್ಟೆ ಉಟ್ಟು ಬಂದವಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲದಲ್ಲೂ ನಾನೇ ಅವಳ ಮುಂದೆ ಮಂಡಿಯೂರಿದೆ. ‘ಸತ್ತ ಅತ್ತೆಗೆ ಇಷ್ಟು ಮಾಡೋ ಸೊಸೆನ ನೋಡೇ ಇಲ್ಲ’ ಎಂದು ಊರ ಹೆಂಗಸರು ನನ್ನನ್ನು ತಮ್ಮ ಸೊಸೆಯರಿಗೆ ಮಾದರಿ ಮಾಡಿದ್ದರು.

ಈಗ ಆ ನೆಲವನ್ನು ಸಮ ಮಾಡಿಬಿಡೋಣ ಎಂದು ಎಗೊನ್ ಉಪ್ಪಿನ ಡಬ್ಬಿ ಕೇಳುವ ದನಿಯಲ್ಲಿ ಹೇಳುತ್ತಿದ್ದಾನೆ. ಬೇಡ ಅನ್ನಬೇಕಿತ್ತು. ಅಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಮೂವತ್ತು ವರ್ಷ ಆಡದ ಮಾತನ್ನು ಆಲೂಗಡ್ಡೆಯ ಮಧ್ಯೆ ಹೇಗೆ ಶುರು ಮಾಡುವುದು? ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಚಳಿಯಲ್ಲಿ ಬೆರಳು ಮರಗಟ್ಟಿದಾಗ ನಮ್ಮದೇ ಬೆರಳು ಯಾರದೋ ಅನ್ನಿಸುತ್ತದಲ್ಲ, ಹಾಗೆ ಒಳಗೆಲ್ಲ ಇತ್ತು. ವರ್ಷದ ಕೊನೆಗೆ ಇನ್ನೂ ಹತ್ತು ವಾರವಿದೆ ಎಂದುಕೊಂಡೆ.

ಅದಾದ ಮಂಗಳವಾರ ಪ್ರೆಬೆನ್ ಮೇಷ್ಟ್ರು ದಾಖಲೆ ಕೋಣೆಗೆ ಬಂದರು. ಎಂಬತ್ತೆರಡು ವಯಸ್ಸು, ನಲವತ್ತು ವರ್ಷ ಗಣಿತ ಮತ್ತು ಜರ್ಮನ್ ಕಲಿಸಿದವರು. ನನ್ನ ಅಂಕಣದಲ್ಲಿ ಒಂದು ಇಸವಿ ತಪ್ಪಿದರೂ ಕೆಂಪು ಮಸಿಯಲ್ಲಿ ತಿದ್ದಿ ಮನೆಗೆ ಕಳಿಸುವವರು. ಟೋಪಿ ತೆಗೆದು, ಕಾಫಿ ಬಗ್ಗಿಸಿಕೊಂಡು, ಕೂತರು.

"ನಿನ್ನ ಕಪಾಟಿಗೊಂದು ಪ್ರಶ್ನೆ ತಂದಿದೀನಿ ಕಣಮ್ಮ. ಜರ್ಮನರ ಮೂಲೇಲಿ ಶಿಲುಬೆ ಎಷ್ಟಿವೆ?"

"ಇಪ್ಪತ್ತೇಳು. ಇದೂ ಒಂದು ಪ್ರಶ್ನೆನಾ ಮೇಷ್ಟ್ರೇ? ಊರಿನ ನಾಯಿಗೂ ಗೊತ್ತು."

"ನಾಯಿಗೆ ಗೊತ್ತಿರಬಹುದು, ನಿಂಗೊತ್ತಿಲ್ಲ. ಇಪ್ಪತ್ತೆಂಟು."

"ನಿಮ್ಮ ಕನ್ನಡಕ ಬದಲಾಯಿಸಿ ಎಷ್ಟು ವರ್ಷ ಆಯ್ತು?"

"ಮೂರು ಸಲ ಎಣಿಸ್ದೆ. ಎರಡು ಸಲ ಕನ್ನಡಕ ಹಾಕ್ಕೊಂಡು, ಒಂದ್ಸಲ ಕೋಲಲ್ಲಿ ಮುಟ್ಟಿ ಮುಟ್ಟಿ. ನಿಂಗೆ ಮಗ್ಗಿ ಕಲಿಸಿದ್ದು ಯಾರು, ಮರೆತ್ಯಾ?"

ಜರ್ಮನರ ಮೂಲೆ ಎಂದರೆ ಚರ್ಚಿನ ಅಂಗಳದ ಉತ್ತರದ ಮೂಲೆ. 1945ರಲ್ಲಿ, ಯುದ್ಧ ಮುಗಿಯುವ ಮುಂಚೆ, ಪೂರ್ವದಿಂದ ರಷ್ಯನ್ನರಿಗೆ ಹೆದರಿ ಓಡಿದ ಜರ್ಮನರು ಎರಡೂವರೆ ಲಕ್ಷ ಜನ ಹಡಗಿನಲ್ಲಿ ನಮ್ಮ ದೇಶಕ್ಕೆ ಬಂದಿಳಿದರು. ಬಹುಪಾಲು ಹೆಂಗಸರು, ಮಕ್ಕಳು. ಐದು ವರ್ಷ ನಮ್ಮನ್ನು ತುಳಿದವರ ಹೆಂಡಿರು ಮಕ್ಕಳು. ಯಾರಿಗೆ ಕನಿಕರವಿತ್ತು? ನಮ್ಮ ಊರಿನ ಶಾಲೆಯಲ್ಲೂ ಮುನ್ನೂರು ಜನರನ್ನು ತುಂಬಿದ್ದರು. ದಡಾರ ಬಂತು, ಭೇದಿ ಬಂತು. ಆ ವರ್ಷ ದೇಶದಲ್ಲಿ ಅವರ ಮಕ್ಕಳು ಸಾವಿರಗಟ್ಟಲೆ ಸತ್ತವು, ನಮ್ಮ ಪಾಲಿಗೆ ಇಪ್ಪತ್ತೇಳು ಬಂದವು. ಅದರ ಬಗ್ಗೆ ಯಾವ ಓದುಗರೂ ಹತ್ತೊಂಬತ್ತು ವರ್ಷದಲ್ಲಿ ನನಗೊಂದು ಪ್ರಶ್ನೆ ಕಳಿಸಿಲ್ಲ. ಈಜಿಪ್ಟಿನ ಹೆಣದ ಬಗ್ಗೆ ನಾಲ್ಕು ಬಂದಿವೆ.

ಮೇಷ್ಟ್ರ ಪ್ರಶ್ನೆಗೆ ಕಾರಣವಿತ್ತು. ಆ ಮೂಲೆಯನ್ನು ನೋಡಿಕೊಳ್ಳುವ ಜರ್ಮನಿಯ ಸಂಸ್ಥೆಯವರು ಹಳೇ ಸಿಮೆಂಟು ಶಿಲುಬೆಗಳನ್ನು ತೆಗೆದು ವಸಂತದಲ್ಲಿ ಕಲ್ಲಿನವನ್ನು ಹಾಕುತ್ತಾರಂತೆ. ಇಲ್ಲಿನ ಲೆಕ್ಕ ಕಳಿಸಲು ಜರ್ಮನ್ ಬಲ್ಲ ಮೇಷ್ಟ್ರನ್ನು ಕೇಳಿದ್ದರು.

"ಅವರ ಪಟ್ಟೀಲೂ ಇಪ್ಪತ್ತೇಳೇ ಇದೆ," ಅಂದರು ಮೇಷ್ಟ್ರು. "ಹೆಚ್ಚಿಗೆ ಇರೋದು ಯಾರದು ಅಂತ ಬರೀಬೇಕು. ಯಾರದೂ ಅಲ್ಲ ಅಂದ್ರೆ ಅದಕ್ಕೆ ಕಲ್ಲು ಬರಲ್ಲ, ಕಿತ್ತು ಹಾಕ್ತಾರೆ. ಕೆಳಗೆ ಏನಿದೆ ಅಂತ ಅಗೆದು ನೋಡಿದ್ರೂ ನೋಡ್ತಾರೆ, ಜರ್ಮನರು ತಾನೆ. ಮುಂದಿನ ಮಂಗಳವಾರದೊಳಗೆ ಹುಡುಕಿಕೊಡು. ನಿನ್ನ ಅಂಕಣಕ್ಕೂ ಒಂದು ವಾರದ ಮೇವಾಯ್ತು."

ಒಪ್ಪಿಕೊಂಡೆ. ನಿಜ ಹೇಳಬೇಕೆಂದರೆ ಖುಷಿಯಾಯಿತು. ಅತ್ತೆಯ ಸಮಾಧಿಯ ಯೋಚನೆಯಿಂದ ತಪ್ಪಿಸಿಕೊಳ್ಳಲು ಬೇರೆಯವರ ಸಮಾಧಿ ಸಿಕ್ಕಿತ್ತು.

ಮಾರನೆಯ ದಿನ ಹೋಗಿ ಎಣಿಸಿದೆ. ಮೊಣಕಾಲೆತ್ತರದ ಸಿಮೆಂಟು ಶಿಲುಬೆಗಳು, ಹೆಚ್ಚಿನವಕ್ಕೆ ಹೆಸರು, ಎರಡು ತಾರೀಕು. ಮೂರು ಸಾಲು. ಮೊದಲೆರಡು ಸಾಲಿನಲ್ಲಿ ಒಂಬತ್ತೊಂಬತ್ತು, ಮೂರನೆಯದರಲ್ಲಿ ಹತ್ತು. ಹತ್ತನೆಯದರ ಹಿಂದೆಯೇ ಬೇಲಿ. ಮೇಲೆ ಜರ್ಮನ್ ಭಾಷೆಯಲ್ಲಿ ‘ಅಜ್ಞಾತ ಮಗು’ ಎಂದಿತ್ತು, ತಾರೀಕಿರಲಿಲ್ಲ. ಎರಡನೆಯ ಸಾಲಿನಲ್ಲೂ ಅಂಥವು ಎರಡಿವೆ, ಹೆಸರು ಹೇಳುವ ತಾಯಿಯೂ ಸತ್ತಿದ್ದ ಮಕ್ಕಳವು. ಅಚ್ಚು ಅದೇ, ಅಕ್ಷರ ಅವೇ. ಆದರೆ ಇದರ ಅಂಚು ಮಾತ್ರ ಉಳಿದವುಗಳಷ್ಟು ಸವೆದಿರಲಿಲ್ಲ.

ಗುರುವಾರ ದಾಖಲೆ ಕೋಣೆಯ ಬೀಗ ತೆಗೆದು ಒಬ್ಬಳೇ ಕೂತೆ. 1945ರ ಪಟ್ಟಿಯಲ್ಲಿ ಇಪ್ಪತ್ತೇಳು ಮಕ್ಕಳು, ಅಜ್ಞಾತ ಎರಡು. 1962ರಲ್ಲಿ ಜರ್ಮನಿಯೊಡನೆ ಒಪ್ಪಂದವಾದಾಗ ಮತ್ತೆ ಎಣಿಸಿದ್ದರು, ಆಗಲೂ ಅಷ್ಟೇ. ಆ ಒಪ್ಪಂದದ ಪ್ರಕಾರ ಈ ಸಮಾಧಿಗಳಿಗೆ ಅವಧಿ ಇಲ್ಲ, ಎಂದೆಂದಿಗೂ ಎತ್ತುವ ಹಾಗಿಲ್ಲ. ಇದೊಂದು ತಮಾಷೆ ನೋಡಿ. ಈ ಅಂಗಳದಲ್ಲಿ ನಮ್ಮೂರ ರೈತ, ಪಾದ್ರಿ, ಮೇಯರ್ ಎಲ್ಲರೂ ಬಾಡಿಗೆದಾರರು. ಖಾಯಂ ಇರುವವರು ಶತ್ರುವಿನ ಮಕ್ಕಳು ಮಾತ್ರ.

1974ರ ಬೇಸಿಗೆಯಲ್ಲಿ ಚರ್ಚಿನ ಗೋಪುರ ರಿಪೇರಿಯಾದಾಗ ಯಾರೋ ಮೇಲಿನಿಂದ ಫೋಟೋ ತೆಗೆದಿದ್ದರು. ಭೂತಗನ್ನಡಿ ಹಿಡಿದು ನೋಡಿದೆ. ಮೂರನೆಯ ಸಾಲಿನಲ್ಲಿ ಒಂಬತ್ತು. ಹತ್ತನೆಯದರ ಜಾಗದಲ್ಲಿ ಬರೀ ಹುಲ್ಲು.

ಅಂದರೆ 1974ರ ಆಮೇಲೆ. ಯುದ್ಧ ಮುಗಿದು ಮೂವತ್ತು ವರ್ಷವಾದ ಮೇಲೆ. ಆ ಅಂಗಳದಲ್ಲಿ ಯಾರಿಗೂ ಕಾಣದಂತೆ ಗುದ್ದಲಿ ಹಿಡಿಯಬಲ್ಲವರು, ಶಿಲುಬೆಯ ಅಚ್ಚು ಎಲ್ಲಿದೆಯೆಂದು ಬಲ್ಲವರು ಎಷ್ಟು ಜನ? ಭೂತಗನ್ನಡಿ ಕೆಳಗಿಟ್ಟೆ. ಮತ್ತೆ ಎತ್ತಿಕೊಂಡು ಮತ್ತೆ ಎಣಿಸಿದೆ. ಒಂಬತ್ತೇ. ಆಮೇಲೆ ಕಪ್ಪುಗಳನ್ನು ತೊಳೆದೆ. ಮಂಗಳವಾರವೇ ತೊಳೆದಿಟ್ಟ ಕಪ್ಪುಗಳು, ಅವನ್ನೇ ಮತ್ತೆ ತೊಳೆದೆ.

ಶುಕ್ರವಾರ ಮಧ್ಯಾಹ್ನ ಎಗೊನ್ ಊಟಕ್ಕೆ ಬಂದ. ಕಪ್ಪು ಬ್ರೆಡ್ಡು, ಉಪ್ಪಿನಲ್ಲಿ ಹಾಕಿದ ಹೆರಿಂಗ್ ಮೀನು, ಬೀಟ್‌ರೂಟ್. ಅವನು ಕೈ ತೊಳೆದು ಕೂತು ಮೀನಿನ ಮೇಲೆ ಈರುಳ್ಳಿ ಜೋಡಿಸುತ್ತಿದ್ದ.

"ಮೇಷ್ಟ್ರು ಒಂದು ಪ್ರಶ್ನೆ ತಂದಿದಾರೆ," ಅಂದೆ. "ಜರ್ಮನರ ಮೂಲೇಲಿ ಇಪ್ಪತ್ತೆಂಟು ಶಿಲುಬೆ ಇವೆಯಂತೆ."

"ಪಟ್ಟಿ ತಪ್ಪಿರ್ಬೇಕು," ಅಂದ ಎಗೊನ್.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಪಟ್ಟಿಯ ಸುದ್ದಿ ನಾನಿನ್ನೂ ಎತ್ತಿರಲೇ ಇಲ್ಲ.

"ಎಪ್ಪತ್ತನಾಲ್ಕರ ಫೋಟೋದಲ್ಲಿ ಇಪ್ಪತ್ತೇಳಿವೆ, ಎಗೊನ್."

ಅವನು ಈರುಳ್ಳಿ ಜೋಡಿಸುವುದನ್ನು ಬಿಟ್ಟ. ಕೈಯಲ್ಲಿದ್ದ ಚಾಕುವನ್ನು ತಟ್ಟೆಯ ಅಂಚಿಗೆ ನೇರ ಮಾಡಿ ಇಟ್ಟ. ನಾನು ಕಾದೆ. ಕಾಯುವುದು ನನಗೆ ಅಭ್ಯಾಸ.

"ಅವಳು ಅಮ್ಮನ ಹತ್ರ ಇಲ್ಲ," ಅಂದ ಕೊನೆಗೆ.

"ಗೊತ್ತಾಯ್ತು."

"ಅವಳನ್ನ ಹೂಳೋ ಹಿಂದಿನ ವಾರ ಲಾವ್ರಿಡ್ಸ್ ನನ್ನ ಕೈಲಿ ಒಂದು ಕಲ್ಲು ಎತ್ತಿಸಿದ್ದ." ಲಾವ್ರಿಡ್ಸ್ ಎಂದರೆ ಆಗ ಅವನಿಗೆ ಕೆಲಸ ಕಲಿಸುತ್ತಿದ್ದ ಮುದುಕ. "ಮಗುವಿನದು. ನಲವತ್ತಾರನೇ ಇಸವಿದು. ಅವಧಿ ಮುಗಿದಿತ್ತು, ಯಾರೂ ಬಂದಿರ್ಲಿಲ್ಲ. ಒಂದೇ ಕೈಲಿ ಎತ್ಕೊಂಡು ಹೋಗಿ ಗಾಡಿಗೆ ಹಾಕ್ದೆ ಥೀರಾ, ಅಷ್ಟು ಹಗುರ. ಆಮೇಲೆ ನಮ್ದು. ನಮ್ದನ್ನೂ ಮೂವತ್ತು ವರ್ಷಕ್ಕೆ ಯಾರೋ ಹಂಗೆ... ನಾನೇ ಎತ್ತಬೇಕಾಗ್ತಿತ್ತು. ಲೆಕ್ಕ ಹಾಕ್ದೆ. ನನ್ನ ನಿವೃತ್ತಿಗಿಂತ ಮುಂಚೆನೇ ಬರ್ತಿತ್ತು."

"ಅದಕ್ಕೆ ಜರ್ಮನರ ಮಧ್ಯೆ ಇಟ್ಟೆ."

"ಅಲ್ಲಿಂದ ಯಾರೂ ಎಬ್ಬಿಸಲ್ಲ. ಎರಡು ದೇಶ ಸಹಿ ಹಾಕಿವೆ." ತಟ್ಟೆ ಪಕ್ಕಕ್ಕೆ ಸರಿಸಿ, "ಶೆಡ್ಡಲ್ಲಿ ಅಚ್ಚು ಇತ್ತು," ಅಂದ.

"ಪಾದ್ರಿಗೆ?"

"ಅಮ್ಮನ ಹತ್ರ ಇಟ್ಟೆ ಅಂದೆ. ಅವರು ಬರ್ಕೊಂಡ್ರು."

ಹಾಗಾದರೆ ನಾನು ನಂಬಿದ ಕಾಗದ ಇವನ ಬಾಯಿಂದ ಬಂದ ಸುಳ್ಳು. ಅಳಬೇಕಿತ್ತೋ ಏನೋ. ಅಳುವಿನ ಬದಲು ನನಗೆ ನೆನಪಾದದ್ದು ಬೆಗೋನಿಯಾ. ಮೂವತ್ತು ಬೇಸಿಗೆಯ ಬೆಗೋನಿಯಾ.

"ಮೂವತ್ತು ವರ್ಷ ನಿಮ್ಮಮ್ಮನಿಗೆ ಹೂ ಹಾಕಿದೀನಿ," ಅಂದೆ. ದನಿ ಏರಲಿಲ್ಲ, ಏರಿಸಲು ನನ್ನಲ್ಲಿ ಏನೂ ಇರಲಿಲ್ಲ. "ಮಂಡಿ ನೋವು ಬಂದ್ಮೇಲೆ ಚಾಪೆ ಹೊತ್ಕೊಂಡು ಹೋಗಿ ಹಾಕಿದೀನಿ. ಕ್ರಿಸ್ಮಸ್ ದಿನ ಹಿಮದಲ್ಲಿ ದೀಪ ಹಚ್ಚಿದೀನಿ. ಆ ಹೆಂಗಸಿಗೆ. ನೀನು ಅಲ್ಲೇ ಬೇಲಿ ಕತ್ತರಿಸ್ತಾ ನೋಡ್ತಿದ್ದೆ."

"ಹೇಳ್ಬೇಡ ಅಂದಿದ್ದೆ ನೀನು."

"ಅಂದಿದ್ದೆ."

"ಮೊದಲ್ನೇ ಸಲ ನೀನು ಅಲ್ಲಿಗೆ ಹೂ ತಗೊಂಡು ಬಂದಾಗ ಹೇಳ್ಬೇಕು ಅಂತ ಹತ್ರ ಬಂದೆ. ನಿನ್ನ ಮುಖದಲ್ಲಿ ಒಂಥರಾ ನೆಮ್ಮದಿ ಇತ್ತು. ಹಿಂದಕ್ಕೆ ಹೋದೆ. ಆಮೇಲೆ ಒಂದು ವರ್ಷ ಆಯ್ತು, ಹತ್ತು ವರ್ಷ ಆಯ್ತು. ಹತ್ತು ವರ್ಷ ಆದ್ಮೇಲೆ ಯಾವ ಬಾಯಲ್ಲಿ ಹೇಳ್ಲಿ?"

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲು ನೋಡಿದೆ. ಸಿಗಲಿಲ್ಲ, ಅದಕ್ಕೇ ಇನ್ನೂ ಸಿಟ್ಟು ಬಂತು. ಜರ್ಮನರ ಹೆಸರೆತ್ತಿದರೆ ಉಗುಳುತ್ತಿದ್ದವಳು ನಮ್ಮತ್ತೆ. ಅವಳ ಮೊಮ್ಮಗಳು ಐವತ್ತು ಹೆಜ್ಜೆ ಆಚೆ ಇಪ್ಪತ್ತೇಳು ಜರ್ಮನ್ ಮಕ್ಕಳ ಪಕ್ಕದಲ್ಲಿ ಮಲಗಿದ್ದಳು, ನಾನು ಮಾತ್ರ ಮುದುಕಿಯ ಕಾಲು ಒತ್ತುತ್ತ ಕೂತಿದ್ದೆ. ನಗು ಬರುವಂಥ ವಿಷಯವೇ. ಇಬ್ಬರಲ್ಲಿ ಯಾರಾದರೂ ಶುರು ಮಾಡಿದ್ದರೆ ನಕ್ಕುಬಿಡುತ್ತಿದ್ದೆವೇನೋ. ಯಾರೂ ಶುರು ಮಾಡಲಿಲ್ಲ.

ಹೆರಿಂಗ್ ಹಾಗೇ ಉಳಿಯಿತು. ಎಗೊನ್ ಕೆಲಸಕ್ಕೆ ಹೊರಟವನು ಬಾಗಿಲ ಹತ್ತಿರ ನಿಂತ.

"ಮೇಷ್ಟ್ರಿಗೆ ಏನು ಹೇಳ್ತೀಯಾ?"

"ಇನ್ನೂ ಗೊತ್ತಿಲ್ಲ."

"ನಮ್ದು ಅಂತ ಬೇಕಾದ್ರೆ ಹೇಳು. ನನಗೆ ಏನು ಮಾಡ್ತಾರೋ ಮಾಡ್ಲಿ, ಇನ್ನಾರು ತಿಂಗಳಿಗೆ ಕೆಲಸನೇ ಮುಗೀತು. ಆದ್ರೆ ನಮ್ದು ಅಂದ್ರೆ ಅವಳು ಅಲ್ಲಿರೋ ಹಾಗಿಲ್ಲ. ಅದು ಯುದ್ಧದ ಸಮಾಧಿ. ತೆಗೆದು ನಮ್ಮವರ ಕಡೆ ಇಡ್ತಾರೆ. ಇಲ್ಲಾಂದ್ರೆ ಅವಳ ಮೂವತ್ತು ವರ್ಷ ಹೋದ ಮಾರ್ಚಿಗೇ ಮುಗೀತು ಅಂತಾರೆ."

"ಹೆಸರು ಕೆತ್ತಿಸಬಹುದಲ್ಲ, ನಮ್ಮವರ ಕಡೆ ಇಟ್ರೆ."

"ಕೆತ್ತಿಸಬಹುದು," ಅಂದ. "ಒಂದಿಪ್ಪತ್ತು ವರ್ಷಕ್ಕೆ. ಆಮೇಲೆ ಪತ್ರ ಬಂದ್ರೆ ಓದೋಕೆ ನಾವಿರಲ್ಲ."

ಶನಿವಾರ, ಭಾನುವಾರ ನಾನು ಅದನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ನಮ್ಮವಳೆಂದರೆ ಹೆಸರು ಸಿಗುತ್ತದೆ, ನೆಲ ಹೋಗುತ್ತದೆ. ಯಾರೋ ಎಂದರೆ ನೆಲ ಸಿಗುತ್ತದೆ, ಎಂದೆಂದಿಗೂ. ಹೆಸರು ಮಾತ್ರ ಎಂದೆಂದಿಗೂ ಇಲ್ಲ. ನನ್ನ ಮನಸ್ಸಿನಲ್ಲಿ ಅವಳಿಗೊಂದು ಹೆಸರಿದೆ, ಮೂವತ್ತು ವರ್ಷದಿಂದ ಇದೆ. ಅದನ್ನು ಒಂದು ಕಲ್ಲಿನ ಮೇಲೆ ಒಂದು ಸಲ ನೋಡಬೇಕೆಂಬ ಆಸೆ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಆ ಮೂಲೆಗೆ ಹೋದೆ. ಹೂ ಒಯ್ಯಲಿಲ್ಲ, ಒಯ್ದರೆ ಊರೆಲ್ಲ ಕೇಳುತ್ತಿತ್ತು. ಶಿಲುಬೆಯ ಮುಂದೆ ನಿಂತೆ. ಅತ್ತೆಯ ಕಲ್ಲಿನ ಮುಂದೆ ಬರುತ್ತಿದ್ದ ನೆಮ್ಮದಿ ಇಲ್ಲಿ ಬರಲಿಲ್ಲ. ಏನೂ ಬರಲಿಲ್ಲ. ಎರಡು ನಿಮಿಷ ನಿಂತು, ಪಕ್ಕದ ಶಿಲುಬೆಯ ಮೇಲಿನ ಹೆಸರು ಓದಿದೆ. ಹೆಲ್ಮುಟ್, ಏಳು ತಿಂಗಳು. ಮೂವತ್ತು ವರ್ಷದಿಂದ ಅವಳ ಪಕ್ಕದಲ್ಲಿದ್ದವನು. ಮನೆಗೆ ಬಂದೆ.

ಮಂಗಳವಾರ ಮೇಷ್ಟ್ರು ಎರಡಕ್ಕೆ ಸರಿಯಾಗಿ ಬಂದರು. ಜರ್ಮನಿಗೆ ಕಳಿಸುವ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದರು.

"ಸಿಕ್ತಾ?"

"ಸಿಕ್ತು. ಇಪ್ಪತ್ತೆಂಟು ಸರಿ. ಪಟ್ಟೀಲಿ ಒಂದು ಬಿಟ್ಟುಹೋಗಿದೆ. ಅಜ್ಞಾತ ಎರಡಲ್ಲ, ಮೂರು ಅಂತ ಬರೀರಿ."

"ಕಾಗದ ಎಲ್ಲಿ?"

"ಇಲ್ಲ."

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಹತ್ತೊಂಬತ್ತು ವರ್ಷದಿಂದ ಊರಿನ ತಲೆ ತಿಂದಿದೀಯಾ, ಕಾಗದ ಕಾಗದ ಅಂತ. ನಮ್ಮಪ್ಪ ಬರ್ಲಿನ್ನಲ್ಲಿ ಚಕ್ರವರ್ತಿಯ ಕುದುರೆ ತೊಳೀತಿದ್ದ ಅಂದ್ರೆ ನೀನು ನಂಬಲಿಲ್ಲ. ಈಗ ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ ಮೇಷ್ಟ್ರೇ. ನಾನು ಹೇಳ್ತಿದೀನಿ, ಬರ್ಕೊಳ್ಳಿ."

"ಎಪ್ಪತ್ತನಾಲ್ಕರ ಫೋಟೋ ನಾನೂ ನೋಡಿದೀನಮ್ಮ," ಅಂದರು ಮೆಲ್ಲಗೆ. "ಗೋಪುರದ ಮೇಲೆ ಹತ್ತಿ ತೆಗ್ದವನೇ ನಾನು."

ನಾನು ಕೈಗಳನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಅವರು ನನ್ನ ಕೈ ನೋಡಿದರು, ಮುಖ ನೋಡಿದರು. ಎಪ್ಪತ್ತಾರರ ಚಳಿಗಾಲದಲ್ಲಿ ನಾನು ತುಂಬು ಬಸುರಿಯಾಗಿ ಅವರ ಮನೆ ಮುಂದೆ ನಡೆದು ಹೋಗುತ್ತಿದ್ದುದನ್ನೂ, ಆಮೇಲೆ ಬರಿಗೈಯಲ್ಲಿ ಬಂದದ್ದನ್ನೂ ಕಂಡವರು. ಗಣಿತದ ಮೇಷ್ಟ್ರು. ಕೂಡಿಸಿ ಕಳೆದು ಮುಗಿಸಲು ಅವರಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಹೆಸರು ಏನಾದ್ರೂ ಬರೀಬೇಕಾ?" ಎಂದು ಕೇಳಿದರು.

ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಬೇಡ," ಅಂದೆ.

ಅವರು ಇಪ್ಪತ್ತೆಂಟು ಎಂದು ಅಂಕಿಯಲ್ಲೂ ಅಕ್ಷರದಲ್ಲೂ ಬರೆದರು. ಅಜ್ಞಾತ ಮೂರು ಎಂದು ಬರೆದರು. ಸಹಿ ಹಾಕಿ, ಕಾಫಿಯನ್ನು ಕುಡಿಯದೆ ಎದ್ದು, ಟೋಪಿ ಹಾಕಿಕೊಂಡರು. ಬಾಗಿಲ ಹತ್ತಿರ, "ನಿನ್ನ ಅಂಕಣದಲ್ಲಿ ಈ ವಾರ ತಪ್ಪು ಹುಡುಕಲ್ಲ ಬಿಡು," ಅಂದರು.

ಸಂಜೆ ಅಡಿಗೆಮನೆಯ ಮೇಜಿನಲ್ಲಿ ಕೂತು ಉತ್ತರ ಬರೆದೆ. ಎಗೊನ್ ಎದುರಿಗೆ ಕೂತು ಅತ್ತೆಯ ಸಮಾಧಿಯ ಕಾಗದದಲ್ಲಿ ‘ಬೇಡ’ ಎಂಬ ಚೌಕಕ್ಕೆ ಗುರುತು ಹಾಕುತ್ತಿದ್ದ. ನಾನು ತಡೆಯಲಿಲ್ಲ. ಬರೆದದ್ದನ್ನು ಅವನಿಗೆ ಓದಿ ಹೇಳಿದೆ. ಹತ್ತೊಂಬತ್ತು ವರ್ಷದಲ್ಲಿ ಓದಿ ಹೇಳಿದ್ದು ಅದೇ ಮೊದಲು.

"‘ಜರ್ಮನರ ಮೂಲೆಯಲ್ಲಿ ಇರುವ ಮಕ್ಕಳ ಸಂಖ್ಯೆ ಇಪ್ಪತ್ತೆಂಟು. ಹಳೆಯ ಪಟ್ಟಿಯಲ್ಲಿ ಒಂದು ಮಗು ಬಿಟ್ಟುಹೋಗಿದೆ. ಈ ಮಗುವಿನ ಬಗ್ಗೆ ನಮಗೆ ಏನೂ ಗೊತ್ತಿಲ್ಲ.’"

ಮೊದಲಿನ ಎರಡು ವಾಕ್ಯಗಳನ್ನು ಬರೆಯುವಾಗ ಕೈ ಹಿಂಜರಿದಿತ್ತು. ಮೂರನೆಯದನ್ನು ಬರೆಯುವಾಗ ಹಿಂಜರಿಯಲಿಲ್ಲ, ಏಕೆಂದರೆ ಅದು ನಿಜ. ನಾನು ಅವಳನ್ನು ನೋಡಿಯೇ ಇಲ್ಲ.

ಎಗೊನ್ ಪೆನ್ನು ಕೆಳಗಿಟ್ಟ.

"ಕೂದಲಿತ್ತು," ಅಂದ. "ತುಂಬಾ. ಕಪ್ಪಗೆ, ನಿಮ್ಮಪ್ಪನ ಹಾಗೆ. ಪೆಟ್ಟಿಗೆ ಮುಚ್ಚೋಕೆ ಮುಂಚೆ ಮುಟ್ಟಿ ನೋಡ್ದೆ. ಇನ್ನೂ ಒದ್ದೆ ಇತ್ತು, ಯಾರೋ ತೊಳೆದಿದ್ರು."

ನಾನು ಹಾಳೆಯನ್ನು ನೋಡುತ್ತ ಕೂತೆ. ‘ಏನೂ ಗೊತ್ತಿಲ್ಲ’ ಎನ್ನುವುದು ಈಗ ನಿಜವಾಗಿ ಉಳಿದಿರಲಿಲ್ಲ. ತಿದ್ದಲಿಲ್ಲ. ಹಾಗೆಯೇ ಮಡಚಿ, ಲಕೋಟೆಗೆ ಹಾಕಿ, ಪತ್ರಿಕೆಯ ವಿಳಾಸ ಬರೆದೆ.

"ಕಣ್ಣು?" ಎಂದು ಕೇಳಿದೆ.